ಗಾರೆ ಕಾಣದ ಗೋಡೆ

ಬಳ್ಳಾರಿಯ ಕೌಲ್ ಬಜಾರ್ ದಾಟಿ, ಕೊನೆಯ ಸೈಕಲ್ ಅಂಗಡಿಯೂ ಮುಗಿದ ಮೇಲೆ ಬಯಲಿನಲ್ಲಿ ಏಳುತ್ತಿದ್ದ ಆ ಕಟ್ಟಡವನ್ನು ಚರ್ಚು ಎಂದು ನಂಬಲು ಊರಿನಲ್ಲಿ ಯಾರೂ ತಯಾರಿರಲಿಲ್ಲ. ಗೋಪುರವಿಲ್ಲ, ಕಮಾನಿಲ್ಲ, ಬಣ್ಣದ ಗಾಜಿಲ್ಲ. ನಲವತ್ತಡಿ ಎತ್ತರದ ಬೋಳು ಕಾಂಕ್ರೀಟ್ ಗೋಡೆಗಳು, ಅವುಗಳ ಮೇಲೆ ರಟ್ಟು ಮಡಚಿಟ್ಟಂತೆ ಏರಿಳಿಯುವ ಭಾರೀ ಮಾಳಿಗೆ, ಗೋಡೆಗೂ ಮಾಳಿಗೆಗೂ ನಡುವೆ ಗೇಣಗಲದ ಒಂದು ಸೀಳು. ಗಂಟೆ ಕಟ್ಟುವುದಕ್ಕೆಂದು ಹೊರಗೆ ಎರಡು ಕಾಂಕ್ರೀಟ್ ಚಪ್ಪಡಿಗಳನ್ನು ಎದುರುಬದುರು ನಿಲ್ಲಿಸಿದ್ದರು. ಬ್ರೂಸ್‌ಪೇಟೆಯ ವ್ಯಾಪಾರಿಗಳು ಅದನ್ನು ಹತ್ತಿ ಗೋದಾಮು ಎಂದರು. ಡ್ಯಾಮಿನಲ್ಲಿ ದುಡಿದು ಬಂದವರು ತೂಬು ಎಂದರು. ಕಟ್ಟಿಸುವವರಿಗೆ ತಲೆ ಕೆಟ್ಟಿದೆ ಎಂಬುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು.

ಇದು ಎಪ್ಪತ್ತಮೂರನೆಯ ಇಸವಿಯ ಮಾತು. ಅಲ್ಲಿ ಸೆಂಟ್ರಿಂಗ್ ಮೇಸ್ತ್ರಿಯಾಗಿದ್ದವನು ಕುರುಗೋಡಿನ ಗಾಳೆಪ್ಪ. ಕಾಂಕ್ರೀಟು ಸುರಿಯುವ ಮೊದಲು ಹಲಗೆ ಜೋಡಿಸಿ ಅಚ್ಚು ಕಟ್ಟುವುದು, ಅದು ಗಟ್ಟಿಯಾದ ಮೇಲೆ ಹಲಗೆ ಬಿಚ್ಚುವುದು ಅವನ ಕೆಲಸ. ಇದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಹಲಗೆ ಬಿಚ್ಚಿದ ಎಂಟು ದಿನಕ್ಕೆ ಗಾರೆಯವರು ಬಂದು ನುಣ್ಣಗೆ ಮೆತ್ತಿಬಿಡುತ್ತಾರೆ. ಸೆಂಟ್ರಿಂಗ್‌ನವನ ಕೈಗುಣ ಅದರಡಿ ಹೂತುಹೋಗುತ್ತದೆ. ಮೂವತ್ತೆಂಟು ವರ್ಷದ ಗಾಳೆಪ್ಪನಿಗೆ ಈ ಕಸುಬಿನಲ್ಲಿ ಇಷ್ಟವಾದದ್ದೇ ಈ ಹೂಳುವಿಕೆ. ಯಾಕೆ ಎನ್ನುವುದು ಅವನಿಗೊಬ್ಬನಿಗೇ ಗೊತ್ತಿತ್ತು.

ಮದರಾಸಿನಿಂದ ಬಂದ ಎಂಜಿನಿಯರು ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿಕೊಂಡು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದ್ದರು: ಈ ಗೋಡೆಗಳಿಗೆ ಗಾರೆ ಹಚ್ಚುವುದಿಲ್ಲ, ಸುಣ್ಣ ಬಳಿಯುವುದಿಲ್ಲ. ಹಲಗೆಯ ಒಂದೊಂದು ಗೆರೆ, ಒಂದೊಂದು ಗಂಟು ಕಾಂಕ್ರೀಟಿನಲ್ಲಿ ಮೂಡಿ ನೂರು ವರ್ಷ ಕಾಣುತ್ತಿರಬೇಕು. ದೇವರ ಮುಂದೆ ಸುಳ್ಳು ಮುಖ ಬೇಡ.

ಅವರ ಜೀಪು ಹೋದದ್ದೇ ತಡ, ಕಂಟ್ರಾಕ್ಟರ್ ವಿರೂಪಾಕ್ಷಪ್ಪ ಎಲೆಯಡಿಕೆ ಉಗಿದು ನಕ್ಕಿದ್ದ. "ಕಾಗದದ ಮ್ಯಾಲ ಹಂಗ ಬರಕೊಂಡಾರ, ಬಿಡ್ರಲೇ. ನಾಳಿ ಬಿಷಪ್ಪರು ಬಂದು ನೋಡಿ, ಇದೇನ್ರಿ ಕುರಿದೊಡ್ಡಿ ಅಂದ್ರ, ಓಡಿ ಬಂದು ಗಾರಿ ಹಚ್ಚಸ್ತಾರ. ದೇವರ ಗುಡಿನ ಯಾರರ ಬತ್ಲಿ ಬಿಡ್ತಾರೇನು?"

ಎಲ್ಲರೂ ನಕ್ಕರು. ಗಾಳೆಪ್ಪನೂ ನಕ್ಕ. ಹುಟ್ಟಿದಾಗಿನಿಂದ ಅವನು ಗಾರೆ ಕಾಣದ ಗೋಡೆಯನ್ನು ಬಡವರ ಮನೆಯಲ್ಲಿ ನೋಡಿದ್ದನೇ ಹೊರತು ದುಡ್ಡಿದ್ದವರ ಮನೆಯಲ್ಲಿ ನೋಡಿರಲಿಲ್ಲ. ಆ ನಗೆಯನ್ನೇ ನಂಬಿ ಅವನು ತಪ್ಪು ಮಾಡಿದ.

ಅವನ ಹಲಗೆಗಳ ರಾಶಿಯಲ್ಲಿ ಒಂದು ತೇಗದ ಹಲಗೆಯಿತ್ತು. ಮೊಳದಗಲ, ಆಳೆತ್ತರ. ಅದು ಕುರುಗೋಡಿನ ಅವನ ಮನೆಯ ಒಳಕೋಣೆಯ ಬಾಗಿಲಿನದು. ಬಾಗಿಲಿನ ಉಳಿದ ಎರಡು ಹಲಗೆಗಳನ್ನು ಗಾಳೆಪ್ಪ ಎಂದೋ ಒಲೆಗೆ ಹಾಕಿದ್ದ. ಇದನ್ನು ಹಾಕಲು ಹೋದಾಗಲೆಲ್ಲ ಕೈ ಬರಲಿಲ್ಲ. ಅದರ ಒಂದು ಮುಖದಲ್ಲಿ, ಕೆಳಭಾಗದಲ್ಲಿ, ನೆಲದ ಮೇಲೆ ಕೂತವರ ಕೈಗೆ ಸಿಗುವಷ್ಟು ಎತ್ತರದಲ್ಲಿ ಬಿದಿಗೆ ಚಂದ್ರನಂಥ ತಗ್ಗುಗಳಿದ್ದವು. ಒಂದರ ಮೇಲೊಂದು, ಒತ್ತೊತ್ತಾಗಿ. ಹಿತ್ತಾಳೆ ತಂಬಿಗೆಯ ಅಂಚಿನಿಂದ ಹೊಡೆದರೆ ಬೀಳುವಂಥ ಗುರುತು. ಎಷ್ಟಿವೆ ಎಂದು ಅವನು ಎಂದೂ ಎಣಿಸಿರಲಿಲ್ಲ.

ಹನ್ನೊಂದು ವರ್ಷದಿಂದ ಆ ಹಲಗೆ ಅವನ ಜೊತೆ ತಿರುಗುತ್ತಿತ್ತು. ಪ್ರತಿ ಕಟ್ಟಡದಲ್ಲೂ ಅದನ್ನು ಒಂದಲ್ಲ ಒಂದು ಕಡೆ ಸೇರಿಸುತ್ತಿದ್ದ, ಆ ಮುಖವನ್ನೇ ಕಾಂಕ್ರೀಟಿಗೆ ಕೊಟ್ಟು. ಬಿಚ್ಚಿದಾಗ ಗುರುತುಗಳು ಕಾಂಕ್ರೀಟಿನಲ್ಲಿ ಮೂಡುತ್ತಿದ್ದವು. ಗಾರೆಯವನು ಬಂದು ಅವುಗಳ ಮೇಲೆ ಮೆತ್ತುವ ತನಕ ಗಾಳೆಪ್ಪ ಅಲ್ಲೇ ಸುಳಿದಾಡುತ್ತಿದ್ದ. ಮೆತ್ತಿ ಮುಗಿದ ದಿನ ಅವನಿಗೆ ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು. ತಿಂಗಳೊಪ್ಪತ್ತಿಗೆ ಮತ್ತೆ ನಿದ್ದೆ ಕೆಡುತ್ತಿತ್ತು, ಆಗ ಮತ್ತೊಂದು ಕಟ್ಟಡ. ಹೀಗೆ ಮೋಕದಿಂದ ಸಿರುಗುಪ್ಪದ ತನಕ ಎಷ್ಟೋ ಮನೆಗಳ ಮಾಳಿಗೆಯಲ್ಲಿ ಅವನು ತೀರಿಹೋದ ಅಕ್ಕನನ್ನು ಮತ್ತೆ ಮತ್ತೆ ಮಣ್ಣು ಮಾಡಿದ್ದ, ಅವನ ಪಾಲಿಗೆ ಅವಳು ಮಾತ್ರ ಸತ್ತಿರಲಿಲ್ಲ.

ಈ ಚರ್ಚಿನಲ್ಲಿ ಅದನ್ನು ಕಡೆಯ ಸಲ ಹೂತುಬಿಡಬೇಕು ಎಂದುಕೊಂಡ. ಯಾರ ದೇವರಾದರೇನು, ದೇವರ ಮನೆ. ಪೀಠದ ಹಿಂದಿನ ದೊಡ್ಡ ಗೋಡೆಗೆ ಅಚ್ಚು ಕಟ್ಟುವಾಗ, ಬುಡದಲ್ಲಿ ಬಲಮೂಲೆಗೆ ಆ ಹಲಗೆಯನ್ನು ತಾನೇ ನಿಲ್ಲಿಸಿ ಮೊಳೆ ಹೊಡೆದ. ಇದಕ್ಕೆ ಗಾರೆ ಬಿದ್ದ ದಿನ ಹಲಗೆಯನ್ನು ಸುಟ್ಟು ಬೂದಿಯನ್ನು ಹಗರಿ ಹೊಳೆಗೆ ಬಿಡುವುದೆಂದು ನಿಶ್ಚಯ ಮಾಡಿಕೊಂಡ.

ಹಲಗೆ ಬಿಚ್ಚಿದ ದಿನ ಎಂಜಿನಿಯರು ಇದ್ದರು. ಗೋಡೆಯ ತುಂಬ ಮರದ ನಾರು, ಗಂಟು, ಹಲಗೆ ಹಲಗೆಯ ಸಂದು ಎಲ್ಲ ಹಾಗೆಹಾಗೇ ಇಳಿದಿದ್ದವು. ಅವರು ಅಂಗೈಯಿಂದ ಸವರುತ್ತ ನಡೆದರು. ಬಲಮೂಲೆಗೆ ಬಂದು ಕುಕ್ಕರುಗಾಲಿನಲ್ಲಿ ಕೂತರು.

"ಇದೇನಿದು?"

ಹಲಗೆಯಲ್ಲಿ ತಗ್ಗಾಗಿದ್ದದ್ದು ಗೋಡೆಯಲ್ಲಿ ಉಬ್ಬಿ ನಿಂತಿತ್ತು. ಗೋಡೆಯ ಆಚೆಯಿಂದ ಯಾರೋ ಈಚೆಗೆ ಹೊಡೆದಂತೆ.

"ಹಳೀ ಹಲಗಿ ಐತ್ರಿ, ಸಾಹೇಬ್ರ. ತಪ್ಪಾತು. ಉಜ್ಜಿ ತಗದುಬಿಡ್ತೀನಿ," ಎಂದ ಗಾಳೆಪ್ಪ.

"ಮುಟ್ಟಬೇಡ," ಎಂದರು ಎಂಜಿನಿಯರು. "ಈ ಗೋಡೆಯಲ್ಲಿ ಇದೊಂದೇ ನಾನು ಯೋಚಿಸದೆ ಬಂದದ್ದು. ಇರಲಿ." ಪಕ್ಕದಲ್ಲಿದ್ದ ಚರ್ಚಿನ ಫಾದರ್ ಕೂಡ ಬಗ್ಗಿ ನೋಡಿ ತಲೆಯಾಡಿಸಿದರು. ವಿರೂಪಾಕ್ಷಪ್ಪ ಅತ್ತ ತಿರುಗಿ ಹಲ್ಲು ಕಿಸಿದ. ಗಾಳೆಪ್ಪನಿಗೆ ಮಾತ್ರ ಆ ಹೊತ್ತಿಗೆ ಅರ್ಥವಾಯಿತು, ಈ ಮನುಷ್ಯ ತಮಾಷೆ ಮಾಡುತ್ತಿಲ್ಲ, ಈ ಗೋಡೆಗೆ ಗಾರೆ ಎಂದೂ ಬರುವುದಿಲ್ಲ ಎಂದು.

ಆ ಗುರುತು ಹೇಗೆ ಬಿತ್ತು ಎಂಬುದನ್ನು ಇನ್ನು ಹೇಳಿಬಿಡಬೇಕು.

ಅರವತ್ತೆರಡರ ಬೇಸಿಗೆಯಲ್ಲಿ ಕುರುಗೋಡಿನ ಅವರ ಓಣಿಗೆ ಸಿಡುಬು ಬಂತು. ಗಾಳೆಪ್ಪನ ಅಕ್ಕ ಉಚ್ಚೆಂಗೆಮ್ಮ ಗಂಡ ಸತ್ತ ಮೇಲೆ ತವರಿಗೆ ಬಂದು ತಮ್ಮನ ಜೊತೆ ಇದ್ದಳು. ಜೊತೆಗೆ ಎಂಟು ವರ್ಷದ ಮಗಳು ಪಾರಮ್ಮ. ಅಕ್ಕನ ಮೈತುಂಬ ಅಮ್ಮ ಎದ್ದಳು. ಜ್ವರದ ಉರಿಗೆ ಉಚ್ಚೆಂಗೆಮ್ಮ ಎರಡು ಸಲ ಬಾವಿಗೆ ಓಡಿದಳು. ಅಮ್ಮ ಬಂದವಳು ಓಣಿಯಲ್ಲಿ ಓಡಾಡಿದರೆ ಊರೇ ಹಾಳಾಗುತ್ತದೆ ಎಂದು ಹಿರಿಯರು ಗದರಿದರು. ಗಾಳೆಪ್ಪ ಅಕ್ಕನನ್ನು ಒಳಕೋಣೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಒಂದು ಕೊಡ ನೀರು, ಒಂದು ತಂಬಿಗೆ ಇಟ್ಟು, ಹೊರಗಿನಿಂದ ಚಿಲಕ ಹಾಕಿದ. ಅವತ್ತು ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಮಾಳಿಗೆಗೆ ಕಾಂಕ್ರೀಟು ಹಾಕುವುದಿತ್ತು. ಪಾರಮ್ಮನನ್ನು ಅದೇ ಓಣಿಯ ಗಾದೆಮ್ಮನ ಮನೆಯಲ್ಲಿ ಬಿಟ್ಟು, ಏನೇ ಆದರೂ ಒಳಕೋಣೆಯ ಬಾಗಿಲು ತೆಗೆಯಬೇಡ, ತೆಗೆದರೆ ನಿನ್ನ ಮೈಮೇಲೂ ಬರುತ್ತಾಳೆ ಎಂದು ಹೆದರಿಸಿ, ಸಂಜೆಗೆ ಬರುತ್ತೇನೆಂದು ಹೋದ.

ಸಂಜೆಗೆ ಬರಲಿಲ್ಲ. ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಕುರುಗೋಡಿನ ಬಸ್ಸು ನಿಂತಿತ್ತು. ಗಾಳೆಪ್ಪ ಅದರ ಬಾಗಿಲ ಕಂಬಿ ಹಿಡಿದುಕೊಂಡು ನಿಂತ. ಅಕ್ಕನ ಮುಖದ ಮೇಲಿನ ಕೀವಿನ ಬೊಕ್ಕೆಗಳು ಕಣ್ಣ ಮುಂದೆ ಬಂದವು. ಅವನಿಗೆ ಇಪ್ಪತ್ತೇಳು ವರ್ಷ, ಸಾಯಲು ಇಷ್ಟವಿರಲಿಲ್ಲ. ಕಂಬಿ ಬಿಟ್ಟ. ಗಿರಣಿಯಲ್ಲಿ ಮಿಕ್ಸರ್ ಕೆಟ್ಟು ಅರ್ಧ ಕೆಲಸ ಉಳಿದಿತ್ತು. ಅದೊಂದು ನೆಪ ಸಿಕ್ಕಿತು. ಮರುದಿನವೂ ಅದೇ ಬಸ್ಸು ಬಂತು, ಮರುದಿನವೂ ಹತ್ತಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಊರಿಗೆ ಬಂದು ಚಿಲಕ ತೆಗೆದಾಗ ಕೊಡ ಒಡೆದು ಬಿದ್ದಿತ್ತು, ನೆಲ ಒಣಗಿ ಬಿರಿದಿತ್ತು. ಉಚ್ಚೆಂಗೆಮ್ಮ ಬಾಗಿಲಿಗೆ ಒರಗಿಕೊಂಡೇ ಹೋಗಿದ್ದಳು, ಕೈಯಲ್ಲಿ ತಂಬಿಗೆ.

ಬಸ್ಸು ಬರಲಿಲ್ಲ ಎಂದು ಊರಿಗೆ ಹೇಳಿದ. ಅಮ್ಮ ಕರೆದುಕೊಂಡಳು ಎಂದು ಊರು ಹೇಳಿತು. ಪಾರಮ್ಮನನ್ನು ಕರೆದುಕೊಂಡು ಬಳ್ಳಾರಿಗೆ ಬಂದ. ಮದುವೆಯಾಗಲಿಲ್ಲ. ಹತ್ತೊಂಬತ್ತು ತುಂಬಿದ ಪಾರಮ್ಮ ಈಗ ಅವನ ಜೊತೆಗೇ ಕೆಲಸಕ್ಕೆ ಬರುತ್ತಿದ್ದಳು. ಮಾವ ಎನ್ನುವ ಅವಳ ಬಾಯಿಗಾಗಿ ಅವನು ಬದುಕಿದ್ದ. ಅವಳಿಗೆ ತಿಳಿದರೆ ಆ ಬಾಯಿ ಮುಚ್ಚುತ್ತದೆ. ಇದೊಂದೇ ಅವನ ಭಯ. ಪೊಲೀಸು, ಜನ, ದೇವರು ಯಾವುದರ ಭಯವೂ ಅವನಿಗೆ ಇರಲಿಲ್ಲ.

ಕಾಂಕ್ರೀಟ್ ಗೋಡೆಗೆ ಇಪ್ಪತ್ತೊಂದು ದಿನ ನೀರು ಕುಡಿಸಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಆ ಕೆಲಸ ಪಾರಮ್ಮನದು. ಬೆಳಿಗ್ಗೆ ಏಳಕ್ಕೆ, ಹನ್ನೊಂದಕ್ಕೆ, ಮೂರಕ್ಕೆ, ಸಂಜೆಗೆ ತೊಟ್ಟಿಯಿಂದ ಕೊಡದಲ್ಲಿ ತುಂಬಿ ತಂದು ಎರಚುತ್ತಿದ್ದಳು. ಬಳ್ಳಾರಿಯ ಮಾರ್ಚಿ ತಿಂಗಳ ಬಿಸಿಲಿಗೆ ಗೋಡೆ ಅರೆಗಳಿಗೆಯಲ್ಲಿ ಒಣಗುತ್ತಿತ್ತು. ಆದರೆ ಆ ಬಲಮೂಲೆ ಉಳಿದದ್ದಕ್ಕಿಂತ ಬೇಗ ಒಣಗುತ್ತದೆ ಎಂದು ಗಾಳೆಪ್ಪನಿಗೆ ಅನಿಸತೊಡಗಿತು. ಎಷ್ಟು ಎರಚಿದರೂ ಅಲ್ಲಿ ಸುರ್ ಎಂದು ಹೀರುವ ಸದ್ದು.

ಹನ್ನೊಂದು ದಾಟಿದರೆ ಇನ್ನೊಂದು ಕಾಟ. ಮಾಳಿಗೆಯ ಸೀಳಿನಿಂದ ಬಿಸಿಲು ನೆಟ್ಟಗೆ ಕೆಳಗಿಳಿದು ಗೋಡೆಯನ್ನು ಸವರಿಕೊಂಡು ಬರುತ್ತಿತ್ತು. ಎಂಜಿನಿಯರು ಅದಕ್ಕೇ ಆ ಸೀಳು ಬಿಟ್ಟಿದ್ದು. ಬೆಳಗಿನ ಮಂಕಿನಲ್ಲಿ ಸಪಾಟಾಗಿ ಕಾಣುತ್ತಿದ್ದ ಗೋಡೆ ಆ ಬಿಸಿಲಿಗೆ ಎದ್ದು ನಿಲ್ಲುತ್ತಿತ್ತು: ನಾರು ನಾರೂ, ಗಂಟು ಗಂಟೂ ನೆರಳು ಬಿಡುತ್ತಿದ್ದವು. ಬಲಮೂಲೆಯ ಚಂದ್ರಗಳು ಒಂದೊಂದಾಗಿ ಮೇಲಿನಿಂದ ಕೆಳಕ್ಕೆ ಹೊತ್ತಿಕೊಳ್ಳುತ್ತಿದ್ದವು. ಒಂದೊಂದು ಹೊತ್ತಿಕೊಂಡಾಗಲೂ ಗಾಳೆಪ್ಪನಿಗೆ ಗೋಡೆಯ ಆಚೆಯಿಂದ ಠಣ್ ಎಂದು ಕೇಳುತ್ತಿತ್ತು. ಬೋಳು ಕಾಂಕ್ರೀಟಿನಲ್ಲಿ ಒಂದು ಸದ್ದು ಹತ್ತು ಸಲ ತಿರುಗುತ್ತದೆ, ಎಲ್ಲೋ ಸುತ್ತಿಗೆ ಬಿದ್ದಿರಬೇಕು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಸುತ್ತಿಗೆ ಹಿಡಿದವರೆಲ್ಲ ಹೊರಗೆ ಬೇವಿನ ಮರದಡಿ ಬುತ್ತಿ ಬಿಚ್ಚಿ ಕೂತಿರುತ್ತಿದ್ದರು. ಅವನು ಗೋಡೆಯ ಹಿಂದಕ್ಕೆ ಹೋಗಿ ನೋಡಿದ. ಬಯಲು, ಜಾಲಿಗಿಡ, ದೂರದಲ್ಲಿ ಬಳ್ಳಾರಿ ಗುಡ್ಡ. ತಿರುಗಿ ಒಳಗೆ ಬಂದರೆ ಮತ್ತೆ ಠಣ್.

ಭಾನುವಾರ ಹಳೆಯ ತಗಡಿನ ಶೆಡ್ಡಿನಲ್ಲಿ ಪೂಜೆ ಮುಗಿಸಿದ ಹೆಂಗಸರು ಹೊಸ ಚರ್ಚು ನೋಡಲು ಬರತೊಡಗಿದರು. ಗೋದಾಮಿನಂಥ ಕಟ್ಟಡ ಅವರಿಗೂ ಹಿಡಿಸಿರಲಿಲ್ಲ. ಆದರೆ ಆ ಗುರುತುಗಳ ಮುಂದೆ ನಿಂತರು. ಇವು ಸ್ವಾಮಿಯ ಗಾಯಗಳು ಎಂದಳು ಒಬ್ಬ ಮುದುಕಿ. ಮುಂದಿನ ವಾರ ಅಲ್ಲಿ ಎರಡು ಮೇಣದಬತ್ತಿ ಉರಿಯುತ್ತಿದ್ದವು, ಯಾರೋ ಕನಕಾಂಬರ ಇಟ್ಟಿದ್ದರು. ಹೆಂಗಸರು ಉಬ್ಬುಗಳನ್ನು ಬೆರಳಿನಿಂದ ಮುಟ್ಟಿ ತುಟಿಗೆ ಒತ್ತಿಕೊಳ್ಳುತ್ತಿದ್ದರು. ಅವರು ಮುತ್ತಿಡುತ್ತಿದ್ದದ್ದು ಗಾಳೆಪ್ಪ ಹತ್ತದೆ ಬಿಟ್ಟ ಬಸ್ಸಿಗೆ.

ಎಲ್ಲಕ್ಕಿಂತ ಕೆಟ್ಟದ್ದೆಂದರೆ ಪಾರಮ್ಮನೂ ಅಲ್ಲಿ ನಿಲ್ಲುವುದು. ಕೊಡ ಸೊಂಟದ ಮೇಲಿಟ್ಟುಕೊಂಡು, ಉಳಿದ ಗೋಡೆಗೆ ಒಂದು ಕೊಡ ಎರಚಿದರೆ ಆ ಮೂಲೆಗೆ ಮೂರು ಎರಚುವಳು. ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಹುಡುಗಿಗೆ ಗುಮಾನಿ ಬಂದಿದೆ ಎಂದುಕೊಂಡ ಗಾಳೆಪ್ಪ. ಇಪ್ಪತ್ತನೆಯ ದಿನ ಅವನು ತೀರ್ಮಾನಕ್ಕೆ ಬಂದ. ಎಂಜಿನಿಯರು ಮದರಾಸಿಗೆ ಹೋಗಿದ್ದರು. ಊಟದ ಹೊತ್ತಿಗೆ ಫಾದರ್ ಮಲಗುತ್ತಾರೆ. ಒಂದು ಬಾಂಡ್ಲಿ ಗಾರೆ, ಒಂದು ಕರಣೆ, ಕಾಲು ಗಂಟೆ ಸಾಕು. ನಾಳೆ ಯಾರೇನು ಬೈದರೂ ಬೈಯಲಿ, ಕೂಲಿ ಕಳೆದರೂ ಕಳೆಯಲಿ.

ಮಧ್ಯಾಹ್ನ ಒಂದು ಬಾಂಡ್ಲಿ ಗಾರೆ ಕಲಸಿಕೊಂಡು ಬಂದ. ಒಳಗೆ ಯಾರೂ ಇರಲಿಲ್ಲ. ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬಂದಿತ್ತು. ಕುಕ್ಕರುಗಾಲಿನಲ್ಲಿ ಕೂತು, ಹೂವು, ಮೇಣದಬತ್ತಿ ಪಕ್ಕಕ್ಕೆ ಸರಿಸಿ, ಮೊದಲ ಕರಣೆ ಗಾರೆ ಎತ್ತಿ ಮೆತ್ತಿದ. ನಾಲ್ಕು ಚಂದ್ರಗಳು ಮುಚ್ಚಿಹೋದವು. ಹನ್ನೊಂದು ವರ್ಷದ ಅಭ್ಯಾಸದಂತೆ ಅವನಿಗೆ ಆಗಲೇ ಹಸಿವಾಯಿತು.

"ಮುಚ್ಚಬ್ಯಾಡ ಮಾವ."

ಪಾರಮ್ಮ ಹಿಂದೆ ನಿಂತಿದ್ದಳು. ಕೊಡ ಕೆಳಗಿಟ್ಟು ಬಂದವಳೇ, ಅವನ ಪಕ್ಕ ಕೂತು, ಹಸಿ ಗಾರೆಯನ್ನು ಅಂಗೈಯಿಂದ ಬಳಿದು ತೆಗೆಯತೊಡಗಿದಳು.

"ಏನ್ ಮಾಡ್ತಿಯಲೇ, ಬಿಡು. ಚಂದ ಕಾಣಂಗಿಲ್ಲ, ಅದಕ ಹಚ್ಚಾಕತ್ತೀನಿ."

"ಇದು ಯಾವ ಹಲಗಿ ಅಂತ ನನಗ ಗೊತ್ತೈತಿ."

ಗಾಳೆಪ್ಪನ ಕೈಯಿಂದ ಕರಣೆ ಜಾರಿತು. ಅದು ನೆಲಕ್ಕೆ ಬಿದ್ದ ಸದ್ದು ಗೋಡೆಯಿಂದ ಗೋಡೆಗೆ ಹೋಗಿ ತಿರುಗಿ ಬಂತು. ಮುಗಿಯಿತು ಎಂದುಕೊಂಡ. ಕಣ್ಣು ಮುಚ್ಚಿ, ಅವಳು ಬೈಯಲಿ, ಉಗಿಯಲಿ ಎಂದು ಕಾಯುತ್ತ ಕೂತ. ಅವಳ ದನಿ ಮಾತ್ರ ಸಣ್ಣದಾಗಿತ್ತು.

"ನೀ ನನ್ನ ಗಾದೆಮ್ಮಜ್ಜಿ ಮನಿಯಾಗ ಬಿಟ್ಟಿದ್ದಿ. ನಾ ಅಲ್ಲಿ ಇರಲಿಲ್ಲ ಮಾವ. ನೀ ಅತ್ತಾಗ ಹೋದಿ, ನಾ ಇತ್ತಾಗ ನಮ್ಮನಿಗೆ ಬಂದು ಬಾಗಲ ಹೊರಗ ಕುಂತೆ. ಸಂಜಿಮಟ ಅವ್ವ ಸುಮ್ನ ಇದ್ಳು. ಆಮ್ಯಾಲ ಬಡಿಯಾಕ ಹತ್ತಿದಳು. ಪಾರಿ, ನೀರು ಕೊಡು ಅಂದ್ಳು. ನೀ ತೆಗೀಬ್ಯಾಡ ಅಂದಿದ್ದಿ. ನಾ ತೆಗೀಲಿಲ್ಲ."

ಗಾಳೆಪ್ಪ ಕಣ್ಣು ಬಿಟ್ಟ.

"ಮರದಿನಾನೂ ಹೋಗಿ ಕುಂತೆ. ಆವಾಗ ಮಾತು ಇರಲಿಲ್ಲ, ತಂಬಿಗಿ ಸದ್ದು ಅಷ್ಟ. ಒಂದ್ಸಲ ಎದ್ದು ನಿಂತೆ. ಚಿಲಕ ನನಗ ಎಟಕತಿತ್ತು ಮಾವ. ಕೈ ಹಚ್ಚಿ ಹಿಂದಕ ತಗೊಂಡೆ. ಅಂಜಿಕಿ ಆತು. ಓಡಿ ಹೋದೆ." ಅವಳು ಗೋಡೆಯ ಮೇಲಿನ ಗಾರೆಯನ್ನು ಇನ್ನೂ ಬಳಿಯುತ್ತಲೇ ಇದ್ದಳು, ಎಲ್ಲ ಹೋದ ಮೇಲೂ. "ನಿನಗ ಹೇಳಿದ್ರ ನನ್ನ ಮನಿಂದ ಹೊರಗ ಹಾಕ್ತಿ ಅಂತ ಹೇಳಲಿಲ್ಲ. ನೀ ಬಸ್ಸು ಸಿಗದ ಅಲ್ಲೆ ಒದ್ದಾಡಿರಬೇಕು. ನಾ ಇಲ್ಲೇ ಇದ್ದು ಕೊಂದೆ. ಈಗ ಗ್ವಾಡಿಯಾಗ ಎದ್ದು ಬಂದು ನನ್ನ ಕೇಳಾಕತ್ಯಾಳ. ಅದಕ ನಾ ನೀರು ಹಾಕೋದು. ನಾಳಿಗಿ ನೀರು ಹಾಕೋದು ಮುಗೀತೈತಿ. ಆಮ್ಯಾಲ ಏನ್ ಮಾಡ್ಲಿ?"

ಈ ಮಗು ಹನ್ನೊಂದು ವರ್ಷ ತನ್ನ ಪಕ್ಕದಲ್ಲೇ ಉಂಡು, ತನ್ನ ಪಕ್ಕದಲ್ಲೇ ಮಲಗಿ ಇದನ್ನು ಹೊತ್ತುಕೊಂಡಿತ್ತು. ಗಾಳೆಪ್ಪ ಅವಳನ್ನು ಸಾಕಿದ್ದೇನೆ ಎಂದುಕೊಂಡಿದ್ದ. ಅವನಿಗೆ ಈಗ ಒಂದು ದಾರಿ ತೆರೆದಿತ್ತು, ಸುಲಭದ ದಾರಿ. ನೀನು ಕೂಸು ಇದ್ದಿ, ನಿನ್ನದೇನು ತಪ್ಪು ಎಂದು ತಲೆ ಸವರಿದರೆ ಆಯಿತು. ಅವಳು ಅತ್ತು ಅವನ ಹೆಗಲಿಗೆ ಒರಗುತ್ತಾಳೆ. ಬಸ್ಸಿನ ಮಾತು ಯಾರಿಗೂ ತಿಳಿಯುವುದಿಲ್ಲ. ಮಾವ ಮಾವನಾಗಿಯೇ ಇರುತ್ತಾನೆ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು, ಬಾಯಿಯೂ ತೆರೆದಿತ್ತು. ಆದರೆ ಕೂಸು ಎಂದ ಮಾತ್ರಕ್ಕೆ ಅವಳು ನಂಬುವವಳಲ್ಲ; ಹೊರಗೆ ಕೂತವಳು ತಾನೇ ಎಂದು ಸಾಯುವ ತನಕ ನೀರು ಹೊರುವವಳು. ಅದನ್ನು ಅವಳ ಕೈ ನೋಡಿದರೆ ತಿಳಿಯುತ್ತಿತ್ತು.

"ಬಸ್ಸು ಬಂದಿತ್ತು ಪಾರಿ," ಎಂದ.

ಅವಳು ತಿರುಗಿ ನೋಡಿದಳು.

"ಸಿರುಗುಪ್ಪದಾಗ ಬಸ್ಸು ನಿಂತಿತ್ತು. ಕಂಬಿ ಹಿಡದು ನಿಂತಿದ್ದೆ. ನಾನ ಹತ್ತಲಿಲ್ಲ. ಅಕ್ಕನ ಮಾರಿ ನೆನಸಿಕೊಂಡು ಅಂಜಿದೆ. ಸುಳ್ಳು ಹೇಳೀನಿ ನಾನು. ನೀ ಎಂಟು ವರ್ಷದಾಕಿ, ನಾ ಹೇಳಿದ ಮಾತು ಕೇಳಿದಿ. ಕೊಂದಾಂವ ನಾನು. ಚಿಲಕ ಹಾಕಿದಾಂವ ನಾನು."

ಅವಳಿಗೆ ಅಳು ಬಂತು. ಎಂಟು ವರ್ಷದ ಮಗುವಿನ ಅಳು, ದೊಡ್ಡ ಬಾಯಿ ತೆರೆದು, ಉಸಿರು ಕಟ್ಟಿ ಕಟ್ಟಿ ಅಳುವುದು. ಖಾಲಿ ಚರ್ಚಿನ ಬೋಳು ಗೋಡೆಗಳು ಅದನ್ನು ಒಂದರಿಂದ ಒಂದಕ್ಕೆ ದಾಟಿಸಿದವು. ನಿದ್ದೆಯಿಂದ ಎದ್ದ ಫಾದರ್ ಬಾಗಿಲ ತನಕ ಬಂದು, ಇಬ್ಬರನ್ನೂ ನೋಡಿ, ಒಳಗೆ ಬಾರದೆ ಅಲ್ಲೇ ನಿಂತರು. ಗಾಳೆಪ್ಪ ಅವಳನ್ನು ಮುಟ್ಟಲು ಹೋಗಲಿಲ್ಲ.

ಅಳು ನಿಂತ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಎರಡ್ ದಿನಾನೂ ಬಂದಿತ್ತಾ?"

"ಎರಡ್ ದಿನಾನೂ."

"ಸೀಟು ಖಾಲಿ ಇದ್ವಾ ಮಾವ?"

"ಇದ್ವು," ಎಂದ ಗಾಳೆಪ್ಪ.

ಪಾರಮ್ಮ ಎದ್ದು, ಗಾರೆ ಮೆತ್ತಿಕೊಂಡಿದ್ದ ಕೈಯನ್ನು ಕೊಡದಲ್ಲಿ ತೊಳೆದುಕೊಂಡು, ಹೊರಗೆ ಬಿಸಿಲಿಗೆ ನಡೆದಳು. ಅವಳ ಹೆಗಲು ಹಗುರಾದದ್ದು ಹಿಂದಿನಿಂದ ನೋಡುತ್ತಿದ್ದ ಅವನಿಗೂ ಕಂಡಿತು. ಆ ರಾತ್ರಿ ಅವನಿಗೆ ರೊಟ್ಟಿ ಬಡಿಸಿದಳು, ಮರುದಿನ ಅವನ ಅಂಗಿ ಒಗೆದು ಹಾಕಿದಳು. ಮದುವೆಯಾಗಿ ಹೋಗುವ ತನಕ ಎಲ್ಲವನ್ನೂ ಮಾಡಿದಳು. ಮಾವ ಎಂದು ಮಾತ್ರ ಮತ್ತೆ ಕರೆಯಲಿಲ್ಲ.